ಒಂದು ಎಕರೆ ಲಾನಿನ ಲೆಕ್ಕ

ಪಾರ್ಕ್ ಅಂದರೆ ಪರಿಸರಕ್ಕೆ ಒಳ್ಳೆಯದು ಅಂತ ಕಣ್ಣು ಮುಚ್ಚಿ ಒಪ್ಪಿಬಿಡುತ್ತೇವೆ. ಬೆಂಗಳೂರಿನ ಬಡಾವಣೆ ಪಾರ್ಕುಗಳ ಮಟ್ಟಿಗೆ ಈ ಮಾತು ಮರಕ್ಕೆ ಸಲ್ಲುತ್ತದೆ, ಲಾನಿಗೆ ಸಲ್ಲುವುದಿಲ್ಲ.

ಬೇಕಾದರೆ ನೀವೇ ಲೆಕ್ಕ ಹಾಕಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ಬೇಸಿಗೆಯಲ್ಲಿ ಲಾನಿಗೆ ದಿನಕ್ಕೆ ನಾಲ್ಕು ಮಿಲಿಮೀಟರ್ ಆಸುಪಾಸು ಬೇಕು. ಎಕರೆಗೆ 4,047 ಚದರ ಮೀಟರ್, ಅಲ್ಲಿಗೆ ದಿನಕ್ಕೆ 16,000 ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಹತ್ತಿರಹತ್ತಿರ ಮೂರು ಲೋಡು. ಅದು ಕಾವೇರಿ ನೀರಾದರೆ ಪಂಪಿಂಗ್ ಕೇಂದ್ರವಿರುವ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಬರಬೇಕು, ಸುಮಾರು 500 ಮೀಟರ್ ಮೇಲೇರಬೇಕು. ಪಂಪಿನ ನಷ್ಟವನ್ನೂ ಹಿಡಿದರೆ ಸಾವಿರ ಲೀಟರಿಗೆ ಎರಡು ಯೂನಿಟ್ ಕರೆಂಟು. ದಿನಕ್ಕೆ 32 ಯೂನಿಟ್, ಬರೀ ಹುಲ್ಲಿಗೆ! ಅದರ ಮೇಲೆ ‘ಹುಲ್ಲಿನ ಮೇಲೆ ನಡೆಯಬೇಡಿ’ ಅನ್ನುವ ಬೋರ್ಡು ಬೇರೆ.

ಮಾರ್ಚ್ 2024ರಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂದಿತು. ಸರಿಯಾದ ನಿರ್ಧಾರವೇ. ಆದರೆ ಅದರ ಬದಲು ಹಾಕುವ ಸಂಸ್ಕರಿಸಿದ ಕೊಳಚೆ ನೀರಿಗೂ ಅದರದೇ ತಾಪತ್ರಯಗಳಿವೆ. ಡ್ರಿಪ್ ಪೈಪಿನೊಳಗೆ ಲೋಳೆ ಕಟ್ಟಿ ತೂತು ಮುಚ್ಚುತ್ತದೆ. 120 ಮೆಶ್‌ನ (ಅಂಗುಲಕ್ಕೆ 120 ಕಣ್ಣಿನ ಜರಡಿಯಷ್ಟು ಸಣ್ಣದಾಗಿ ಸೋಸುವ) ಡಿಸ್ಕ್ ಫಿಲ್ಟರ್ ಹಾಕಿ ಆಗಾಗ ಬಿಚ್ಚಿ ತೊಳೆಯಲೇಬೇಕು. ಫ್ಲೈಓವರ್ ಕಂಬಗಳ ಗೋಡೆತೋಟ ಒಣಗುವುದಕ್ಕೆ ಇದೂ ಒಂದು ಕಾರಣ: ಅಂಗೈಯಗಲದ ಕುಂಡದಲ್ಲಿ ಮಣ್ಣು ಎಷ್ಟಿರುತ್ತದೆ? ಒಂದು ದಿನ ನೀರು ತಪ್ಪಿದರೂ ಗಿಡ ಬಾಡುತ್ತದೆ. ಸಂಸ್ಕರಿಸಿದ ನೀರಿನಲ್ಲಿ ಉಪ್ಪೂ ಹೆಚ್ಚು. ದಿನವೂ ಚೂರುಚೂರು ಚಿಮುಕಿಸಿದರೆ ಉಪ್ಪು ಮೇಲೇ ಉಳಿದು ಎಲೆಯಂಚು ಸುಡುತ್ತದೆ, ಬೇರೂ ಆಳಕ್ಕಿಳಿಯುವುದಿಲ್ಲ. ಎರಡು ಮೂರು ದಿನಕ್ಕೊಮ್ಮೆ, ಬೆಳಗಿನ ಜಾವ, ಗೇಣುದ್ದ ಇಳಿಯುವಷ್ಟು ಹಾಯಿಸುವುದೇ ಮೇಲು.

ಇನ್ನು ಮಣ್ಣು. ಕಟ್ಟಡದ ಡೆಬ್ರಿಸ್ ಸುರಿದ ಜಾಗದ ಮೇಲೆ ಅರ್ಧ ಅಡಿ ಕೆಂಪು ಮಣ್ಣು ಹರಡಲು ಎಕರೆಗೆ 600 ಘನ ಮೀಟರ್ ಬೇಕು. ಟಿಪ್ಪರಿಗೆ ಎಂಟು ಘನ ಮೀಟರ್ ಹಿಡಿದರೂ 75 ಲೋಡು. ಇಷ್ಟು ಮೇಲ್ಮಣ್ಣು ಎಲ್ಲಿಂದಲೋ ಕೆರೆದು ತಂದದ್ದು. ಇಲ್ಲಿ ಹಸಿರಾಗುವಾಗ ಅಲ್ಲಿ ಒಂದು ಹೊಲ ಬರಡಾಗಿರುತ್ತದೆ. ಹುಲ್ಲು ಹಳದಿಯಾದಾಗೆಲ್ಲ ಎರಚುವ ಯೂರಿಯಾ ಮೊದಲ ಜೋರು ಮಳೆಗೆ ರಾಜಕಾಲುವೆ ಸೇರುತ್ತದೆ, ಅಲ್ಲಿಂದ ಕೆರೆಗೆ.

ಎಲ್ಲಕ್ಕಿಂತ ಬೇಸರ ತರುವುದು ತರಗೆಲೆ ಸುಡುವುದು. ಹೊಂಗೆ ಎಲೆ ಉದುರಿಸುವುದು ಫೆಬ್ರವರಿ–ಮಾರ್ಚಿನಲ್ಲಿ, ನೆಲಕ್ಕೆ ಹೊದಿಕೆ ಬೇಕಾಗುವ ಹೊತ್ತಿಗೇ. ನಾವು ಅದನ್ನು ಗುಡಿಸಿ ಕಡ್ಡಿ ಗೀರುತ್ತೇವೆ, ಆಮೇಲೆ ಗೊಬ್ಬರದ ಚೀಲ ಕೊಳ್ಳುತ್ತೇವೆ. ಮರದ ಬುಡಕ್ಕೆ ಮೂರು ನಾಲ್ಕು ಅಂಗುಲ ದಪ್ಪ ಎಲೆ ಹರಡಿ. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ. ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟು, ಟೈಲ್ಸು ಬೇಡ.

ಉಳಿದ ಎಲೆಯನ್ನು ಗೊಬ್ಬರ ಮಾಡಲು ಮೂರಡಿ ಅಗಲ, ನಾಲ್ಕಡಿ ಎತ್ತರದ ಕಂಬಿ ಬಲೆಯ ಗೂಡು ಸಾಕು. ಒಂದಡಿ ಎಲೆ ತುಳಿದು ಒಂದು ಬಕೆಟ್ ಸಗಣಿ ನೀರು, ಮತ್ತೆ ಎಲೆ. ‘ಎಲೆ ಕೊಳೆಯೋದೇ ಇಲ್ಲ’ ಅನ್ನುವ ಕಡೆ ಕೈ ಹಾಕಿ ನೋಡಿ: ಮೇಲೆ ಒದ್ದೆ, ನಡುವೆ ಗರಿಗರಿ. ಹಿಂಡಿದರೆ ಅಂಗೈ ತೇವವಾಗಬೇಕು, ತೊಟ್ಟಿಕ್ಕಬಾರದು. ತಿಂಗಳಿಗೊಮ್ಮೆ ಮಗುಚಿದರೆ ನಾಲ್ಕೈದು ತಿಂಗಳಲ್ಲಿ ಕಪ್ಪಗೆ ಪುಡಿಯಾಗುತ್ತದೆ.

ಮಕ್ಕಳು ಆಡುವಷ್ಟು ಜಾಗದಲ್ಲಿ ಹುಲ್ಲಿರಲಿ, ಅದೂ ನಮ್ಮ ಗರಿಕೆ. ಬೇಸಿಗೆಯಲ್ಲಿ ಕಂದಾಗುತ್ತದೆ ನಿಜ. ಮುಂಗಾರಿನ ಎರಡು ಮಳೆ ಬಿದ್ದರೆ ತಾನಾಗೇ ಚಿಗುರುತ್ತದೆ.