ಶೇಂಗಾ ಹೋಳಿಗಿ ಹರಿಯೋದು ಯಾಕ?

ದಸರಾ ರಜೆಗೆ ಬರೋ ಮೊಮ್ಮಕ್ಕಳಿಗೆ, ಹಳೇ ಗೆಳೆಯರಿಗೆ ನಿವೃತ್ತರು ಶೇಂಗಾ ಹೋಳಿಗಿ ಮಾಡಿಡಬೇಕು ಅಂತ ನಿಮ್ಮ ಬರಹದಾಗ ಬರದೀರಿ, ಛಲೋ ಆತು. ಆದ್ರ ‘ಶೇಂಗಾ ನುಣ್ಣಗೆ ರುಬ್ಬಿ’ ಅನ್ನೋದು ತಪ್ಪು. ಸಣ್ಣ ಉರಿ ಮ್ಯಾಲ ಹುರಿದು, ಪೂರ್ತಿ ಆರಿದ ಮ್ಯಾಲ ಸಿಪ್ಪಿ ತಗದು, ಮಿಕ್ಸರ್ ತಡದು ತಡದು ತಿರಗಸ್ರಿ. ಒಂದೇ ಸಮ ತಿರಗಿಸಿದ್ರ ಎಣ್ಣಿ ಬಿಟ್ಟು ಹೂರಣ ಜಿಡ್ಡಾಗತೈತಿ, ಲಟ್ಟಿಸೂಮುಂದ ಕಣಕ (ಹೂರಣ ತುಂಬೋ ಹೊರಗಿನ ಹಿಟ್ಟು) ಹರೀತೈತಿ. 1 ಕಪ್ ಶೇಂಗಾಕ್ಕ ಮುಕ್ಕಾಲು ಕಪ್ ಬೆಲ್ಲ, ಕಾಲು ಕಪ್ ನೀರು, 2 ಚಮಚ ಹುರಿದ ಎಳ್ಳಿನ ಪುಡಿ, ಯಾಲಕ್ಕಿ. ನೀರಾಗ ಬೆಲ್ಲ ಕರಗಿದ್ರ ಸಾಕು, ಸೋಸಿ ಒಂದು ಕುದಿ ಬರಿಸಿ, ಶೇಂಗಾ ಪುಡಿ, ಉಳಿದದ್ದು ಕಲಸ್ರಿ. ಎಳಿ ಪಾಕ ಬಂತಂದ್ರ ಹೂರಣ ಆರಿ ಕಲ್ಲಾಗತೈತಿ, ಹಲ್ಲಿಲ್ಲದ ಗೆಳೆಯರ ಗತಿ ಏನ್ರಿ! ಬೆಂದ ಹೋಳಿಗಿನ ಬಿಸಿ ಇದ್ದಾಗ ಒಂದರ ಮ್ಯಾಲೊಂದು ಇಡಬ್ಯಾಡ್ರಿ, ಬೆವತು ಬೂಸರು ಹಿಡೀತೈತಿ. ತುಪ್ಪ ತಿನ್ನೂಮುಂದ ಹಾಕ್ಕೋರಿ.