ಬಾಳೆಗಿಡ ನೋಡಲು ಫ್ರಾನ್ಸಿಗೆ

ನೈಋತ್ಯ ಫ್ರಾನ್ಸಿನ ದೋರ್ದೋನ್ ನದಿಯ ದಂಡೆಗೆ ಲಾ ರೋಕ್-ಗಜಾಕ್ ಅಂತ ಒಂದು ಹಳ್ಳಿ. ಮುಂದೆ ಹೊಳೆ, ಹಿಂದೆ ನೆಟ್ಟಗೆ ನಿಂತ ಸುಣ್ಣಕಲ್ಲಿನ ಬಂಡೆ, ನಡುವೆ ಉಳಿದಷ್ಟು ಜಾಗದಲ್ಲಿ ಜೇನುಬಣ್ಣದ ಮನೆಗಳು ಮತ್ತು ಒಂದೇ ಒಂದು ರಸ್ತೆ. ಎದುರಿಗೆ ಬಸ್ಸು ಬಂದರೆ ನಾವು ಇಳಿಯಬೇಕಾದ್ದು ಒಂದೋ ಹೊಳೆಗೆ, ಇಲ್ಲ ಯಾರದೋ ಅಡುಗೆಮನೆಗೆ. ಕಾರು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಊರೇ ಮುಗಿದಿತ್ತು. ಹಿಂತಿರುಗಿ ಬಂದೆವು, ಮತ್ತೆ ಮುಗಿಯಿತು.

ಅಲ್ಲಿನವರು ಬಹಳ ಹೆಮ್ಮೆಯಿಂದ ತೋರಿಸುವುದು ಚರ್ಚಿನ ದಾರಿಯ ತೋಟವನ್ನು. ದಕ್ಷಿಣಕ್ಕೆ ಮುಖ ಮಾಡಿದ ಬಂಡೆ ಬಡಗಣ ಗಾಳಿಯನ್ನು ತಡೆದು, ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿ ಬಿಡುತ್ತದಂತೆ. ಹಾಗಾಗಿ ಉಳಿದ ಕಡೆ ಚಳಿಗೆ ಸಾಯುವ ಅಪರೂಪದ ಗಿಡಗಳು ಇಲ್ಲಿ ಬದುಕುತ್ತವೆ. ಆ ಅಪರೂಪದ ಗಿಡಗಳು ಯಾವುವೆಂದರೆ ಬಾಳೆ ಮತ್ತು ಬಿದಿರು. ಜನ ಸಾಲಾಗಿ ನಿಂತು ಫೋಟೋ ತೆಗೆಯುತ್ತಿದ್ದರು. ತೀರ್ಥಹಳ್ಳಿ ಕಡೆಯ ನಮ್ಮವರು ಮಾತ್ರ ಬುಡಕ್ಕೆ ಬಗ್ಗಿ, "ಕಂದು ಜಾಸ್ತಿಯಾಗಿದೆ, ತೆಗೆಸ್ಬೇಕಿತ್ತು" ಅಂದರು. ನಾನು ಅತ್ತೆಗೆ ಫೋಟೋ ಕಳಿಸಿದೆ. ತಕ್ಷಣ ಉತ್ತರ: "ಅಷ್ಟು ದೂರ ಹೋಗಿ ಇದೆಂಥದ್ದು ಮಾರಾಯ್ತಿ, ನಮ್ಮ ಹಿತ್ಲಿಂದೇ ಅಲ್ದಾ?"

ಆ ಬಂಡೆಯನ್ನು ಪೂರ್ತಿ ನಂಬುವಂತೆಯೂ ಇಲ್ಲ. 1957ರ ಜನವರಿಯಲ್ಲಿ ಅದರ ದೊಡ್ಡದೊಂದು ಭಾಗ ಕಳಚಿ ಮನೆಗಳ ಮೇಲೆ ಬಿದ್ದು ಮೂವರು ತೀರಿಕೊಂಡರು. ಆದರೂ ಜನ ಊರು ಬಿಡಲಿಲ್ಲ; ಅಲ್ಲೇ ಮತ್ತೆ ಕಟ್ಟಿಕೊಂಡರು.

ಊಟಕ್ಕೆ ಕೂತೆವು. ಆ ಸೀಮೆಯ ಖ್ಯಾತಿಯೆಲ್ಲ ಬಾತುಕೋಳಿ ಮತ್ತು ಅಕ್ರೋಟಿನದು. ನಮ್ಮವರು ಶುದ್ಧ ಸಸ್ಯಾಹಾರಿ; ಸುರಕ್ಷಿತವೆಂದು ಊರ ಹೆಸರಿನ ಸಲಾಡ್ ಹೇಳಿದರು. ಸೊಪ್ಪಿನ ಮೇಲೆ ಕಂದುಬಣ್ಣದ ಹೋಳುಗಳು ಬಂದವು.

"ಮಾಂಸ ಬೇಡ ಅಂದಿದ್ದೆವಲ್ಲ?"

"ಮಾಂಸ ಎಲ್ಲಿದೆ ಮೇಡಂ? ಇದು ಬಾತುಕೋಳಿ!"

ನಮ್ಮವರ ಊಟ ಬ್ರೆಡ್ಡು, ಅಕ್ರೋಟಿನ ಕೇಕು ಮತ್ತು ಮೌನದಲ್ಲಿ ಮುಗಿಯಿತು.

ಮಧ್ಯಾಹ್ನ ಗಬಾರ್ ದೋಣಿಯಲ್ಲಿ ವಿಹಾರ. ಇವು ಹಿಂದೆ ಸರಕು ಸಾಗಿಸುತ್ತಿದ್ದ ಚಪ್ಪಟೆ ತಳದ ದೋಣಿಗಳು. ಮೇಲಣ ಸೀಮೆಯಿಂದ ಮರ ಹೇರಿಕೊಂಡು ಕೆಳಗಿಳಿದು, ಸರಕಿನ ಜೊತೆ ದೋಣಿಯನ್ನೂ ಸೌದೆಗೆ ಮಾರಿ, ಅಂಬಿಗರು ನಡೆದುಕೊಂಡೇ ಊರು ಸೇರುತ್ತಿದ್ದರಂತೆ. ಇದನ್ನು ನಮ್ಮವರು ಹೇಳಿದ್ದು. ದೋಣಿಯಲ್ಲಿ ವಿವರಣೆ ಕೇಳಲು ಕೊಟ್ಟ ನನ್ನ ಕಿವಿಯ ಯಂತ್ರ ಜರ್ಮನ್ ಬಿಟ್ಟು ಬೇರೇನೂ ಮಾತಾಡಲಿಲ್ಲ. ಹಾಗಾಗಿ ಗೋಪುರಗಳಿದ್ದ ಮಾಲಾರ್ತ್ರಿ ಕೋಟೆಯನ್ನು 15ನೆಯ ಶತಮಾನದ್ದೆಂದೇ ಭಕ್ತಿಯಿಂದ ನೋಡಿದೆ. ಅದು 20ನೆಯ ಶತಮಾನದ ಆರಂಭದಲ್ಲಿ ಹಳೇ ಶೈಲಿಯಲ್ಲಿ ಕಟ್ಟಿಸಿದ್ದಂತೆ. "ನಮ್ಮನೆ ಮುಂಡಿಗೆ ಇದಕ್ಕಿಂತ ಹಳೇದು" ಅಂದರು ಇವರು, ಊಟದ ಸೇಡು ತೀರಿಸಿಕೊಳ್ಳುತ್ತ.

ನನಗೆ ಅಲ್ಲಿ ನಿಜಕ್ಕೂ ಇಷ್ಟವಾದವನು ಝಾನ್ ತಾರ್ದ್. ಈ ಊರಿನವನೇ, ಪಾದ್ರಿ. ಅವನ ಹೆಸರಿನ ದುಂಡುಗೋಪುರದ ಮನೆ ಇಂದಿಗೂ ಬಂಡೆಗೆ ಒರಗಿ ನಿಂತಿದೆ. 1614ರಲ್ಲಿ ಇಟಲಿಗೆ ಹೋಗಿ ಗೆಲಿಲಿಯೋನನ್ನೇ ಕಂಡುಬಂದ. ಸೂರ್ಯನ ಮೇಲಿನ ಕಲೆಗಳು ಸೂರ್ಯನವೇ ಎಂದ ಗೆಲಿಲಿಯೋನ ಮಾತು ಇವನಿಗೆ ಹಿಡಿಸಲಿಲ್ಲ. ಅವು ಸೂರ್ಯನನ್ನು ಸುತ್ತುವ ಪುಟ್ಟ ಗ್ರಹಗಳು ಅಂತ ಸಾಧಿಸಿ, 1620ರಲ್ಲಿ ಪುಸ್ತಕ ಬರೆದು, ಅಷ್ಟಕ್ಕೂ ಸೇರಿಸಿ ಫ್ರಾನ್ಸಿನ ರಾಜಮನೆತನವಾದ ಬೂರ್ಬೋನರ ಹೆಸರಿಟ್ಟ. ಸೂರ್ಯನ ಕಲೆಗಳು ಮಾತ್ರ ರಾಜಮನೆತನದ ಮರ್ಯಾದೆಯನ್ನೂ ನೋಡದೆ ಬಂದು ಬಂದು ಮಾಯವಾಗುತ್ತಲೇ ಇದ್ದವು.