ಹಳೆ ಮನೆ ಉಳಿಸುವವರು ಅಡಿಗೆಮನೆಯನ್ನು ಏಕೆ ಕೆಡವುತ್ತಾರೆ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳೆಯ ಮನೆಗಳಿಗೆ ಈಗ ಮತ್ತೆ ಬೆಲೆ ಬಂದಿದೆ. ಕೆಲವು ಹೋಂಸ್ಟೇ ಆಗುತ್ತಿವೆ, ಕೆಲವನ್ನು ಊರಿಗೆ ಮರಳಿದ ಮಕ್ಕಳು ಆಸೆಪಟ್ಟು ರಿಪೇರಿ ಮಾಡಿಸುತ್ತಿದ್ದಾರೆ. ಸಂತೋಷವೇ. ಆದರೆ ನಾನು ನೋಡಿದ ಹೆಚ್ಚಿನ ಕಡೆ ಮುಂಡಿಗೆಗಳಿಗೆ (ಮರದ ಕಂಬಗಳಿಗೆ) ಪಾಲಿಶ್ ಆಗಿದೆ, ಜಗಲಿ ಹೊಳೆಯುತ್ತಿದೆ, ಹೆಬ್ಬಾಗಿಲಿನ ಕೆತ್ತನೆ ಎದ್ದು ಕಾಣುತ್ತಿದೆ. ಅಡಿಗೆಮನೆ, ಬಚ್ಚಲುಮನೆ ಮಾತ್ರ ನೆಲಸಮ. ಕೇಳಿದರೆ, "ಮಸಿ ಹಿಡಿದು ಹಾಳಾಗಿತ್ತು, ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ" ಎನ್ನುತ್ತಾರೆ. ನನಗೆ ಸಿಟ್ಟು ಬರುವುದು ಈ ಮಾತಿಗೆ.

ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಬೆಳೆದವರಿಗೆ ಗೊತ್ತು, ಜಗಲಿ ಗಂಡಸರದು. ವ್ಯಾಪಾರಿ ಬಂದರೂ, ಪುರೋಹಿತರು ಬಂದರೂ ಅಲ್ಲೇ. ಎಲೆ ಅಡಿಕೆಯ ಕವಳದ ತಟ್ಟೆ, ಲೆಕ್ಕದ ಪುಸ್ತಕ, ಮಧ್ಯಾಹ್ನದ ನಿದ್ದೆ ಎಲ್ಲವೂ ಅಲ್ಲಿ. ಹೊರಗಿನವರು ಕುಳಿತಿದ್ದಾಗ ಸೊಸೆಯಂದಿರು ಬಾಗಿಲ ಸಂದಿ ದಾಟುತ್ತಿರಲಿಲ್ಲ. ಹಾಗೆಂದು ಸುಮ್ಮನಿರುತ್ತಿದ್ದರೇ? ನಮ್ಮ ಮನೆಯಲ್ಲಿ ಅಡಿಕೆ ವ್ಯಾಪಾರದ ಮಾತು ನಡೆಯುವಾಗ ದೊಡ್ಡಮ್ಮ ಯಾವುದಾದರೂ ಮಗುವನ್ನು ಓಡಿಸುತ್ತಿದ್ದರು: "ದೊಡ್ಡಪ್ಪನನ್ನು ಒಳಗೆ ಕರೆ." ಅವರು ಒಳಗೆ ಹೋಗಿ ಬಂದ ಮೇಲೆ ಎಷ್ಟೋ ಸಲ ದರ ಬೇರೆಯಾಗುತ್ತಿತ್ತು. ವ್ಯಾಪಾರಿಗೆ ಅದು ದೊಡ್ಡಪ್ಪನ ಮಾತು. ಆ ಮಾತು ಹುಟ್ಟಿದ್ದು ಅಡಿಗೆಮನೆಯ ಹೊಸಿಲಲ್ಲಿ.

ಹಾಗಾದರೆ ಒಳಮನೆ ಹೆಂಗಸರ ರಾಜ್ಯವಾಗಿತ್ತೇ? ಇದನ್ನು ಹೆಮ್ಮೆಯಿಂದ ಹೇಳುವವರು ತುಂಬಾ ಜನ. ನಾನು ಒಪ್ಪುವುದಿಲ್ಲ. ತಿಂಗಳ ಮುಟ್ಟಿನಲ್ಲಿ ಅದೇ ಹೆಂಗಸು ಮೂರು ದಿನ ಹೊರಗೆ. ಉಪ್ಪಿನಕಾಯಿಗೆ ತಾನೇ ಅಪ್ಪೆಮಿಡಿ ಮಾವು ಆರಿಸಿ, ಉಪ್ಪು ಹಾಕಿ ಇಟ್ಟ ಭರಣಿಯನ್ನು ತಾನೇ ಮುಟ್ಟುವಂತಿಲ್ಲ. ಊಟಕ್ಕೆ ಗಂಡಸರ ಪಂಕ್ತಿ ಮೊದಲು. ಕಿಟಕಿ ಚಿಕ್ಕದು, ಹೊಗೆ ಹೋಗಲು ಹೆಂಚಿನ ಸಂದಿಯೇ ಗತಿ. ಆ ಹೊಗೆ ಅಟ್ಟದ ಮೇಲಿನ ಹುಳಿ, ಬೀಜ, ಬುಟ್ಟಿಗಳನ್ನು ಹುಳ ಹಿಡಿಯದಂತೆ ಕಾಯುತ್ತಿತ್ತು, ಜೊತೆಗೆ ಅಡಿಗೆ ಮಾಡುವವರ ಕಣ್ಣು, ಎದೆ ಎರಡನ್ನೂ ಹಾಳುಮಾಡುತ್ತಿತ್ತು. ಆ ಅಡಿಗೆಮನೆಯಲ್ಲಿ ಯಾರೂ ಮತ್ತೆ ಬೇಯಬೇಕಿಲ್ಲ. ಆದರೆ ಅದು ಇತ್ತು ಎನ್ನುವುದಕ್ಕೆ ಗುರುತು ಬೇಕು. ಅದಿಲ್ಲದ ಮನೆಯಲ್ಲಿ ಜಗಲಿಯ ದೊಡ್ಡಸ್ತಿಕೆ ಮಾತ್ರ ಕಾಣುತ್ತದೆ, ಅದನ್ನು ಹೊತ್ತವರು ಕಾಣುವುದಿಲ್ಲ.

ಎಲ್ಲ ಜಾತಿಯ ಮನೆಗಳೂ ಒಂದೇ ರೀತಿ ಇರಲಿಲ್ಲ. ಇದೇ ಸೀಮೆಯ ಕೃಷಿಕ ಸಮುದಾಯವಾದ ದೀವರ ಹೆಂಗಸರು ಗದ್ದೆಗೂ ಇಳಿದವರು. ಮನೆಯ ಗೋಡೆಯ ಮೇಲೆ ಅವರದೇ ಕೈ. ಮದುವೆಗೆ ಹಸೆಗೋಡೆ, ಅಂದರೆ ಗೋಡೆಯ ಚಿತ್ತಾರ, ಬರೆಯುವಾಗ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿ, ಅಕ್ಕಿ ಸುಟ್ಟ ಕಪ್ಪು, ಗುರಿಗೆ ಕಾಯಿಯ ಹಳದಿ ತಯಾರಿಸಿಕೊಂಡು, ಪುಂಡಿ ನಾರಿನ ಕುಂಚ ಹಿಡಿದು ಎಳೆ ಎಳೆಯುತ್ತಾರೆ. ಅಳತೆಪಟ್ಟಿ ಇಲ್ಲ, ಗೆರೆ ಮಾತ್ರ ಓರೆಯಾಗುವುದಿಲ್ಲ. ಆ ಗೋಡೆಯ ಮುಂದೆಯೇ ಮದುಮಕ್ಕಳನ್ನು ಕೂರಿಸುವುದು. ಭೂಮಿ ಹುಣ್ಣಿಮೆ ಹಬ್ಬಕ್ಕೆ, ಗದ್ದೆಗೆ ಅಡಿಗೆ ಒಯ್ಯುವ ಭೂಮಣ್ಣಿ ಬುಟ್ಟಿಗೂ ಚಿತ್ತಾರ ಬರೆಯುತ್ತಾರೆ. ಪೈರು ತುಂಬಿಕೊಂಡ ಭೂಮಿ ಆಗ ಬಸುರಿ. ಅವಳ ಬಯಕೆಯ ಊಟಕ್ಕೆ ಹೆಂಗಸರು ರಾತ್ರಿಯಿಡೀ ಒಲೆಯ ಮುಂದೆ. ಬೆಳಗಾಗುವ ಮೊದಲು ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಭೂಮಿಯನ್ನು ಕೂಗಿ ಕರೆದು ಆ ಅಡಿಗೆಯನ್ನು ಬೀರುವವರು ಗಂಡಸರು. ಒಳಗಿನ ಒಲೆಗೂ ಹೊರಗಿನ ಹೊಲಕ್ಕೂ ಇದ್ದ ಸಂಬಂಧ ಇದಕ್ಕಿಂತ ಸ್ಪಷ್ಟವಾಗಿ ಇನ್ನೆಲ್ಲೂ ನನಗೆ ಕಂಡಿಲ್ಲ. ಈಗ ಅದೇ ಚಿತ್ತಾರ ಚೌಕಟ್ಟಿನೊಳಗೆ ಸೇರಿ ರಿಸಾರ್ಟಿನ ಸ್ವಾಗತ ಕೊಠಡಿಯಲ್ಲಿ ನೇತಾಡುತ್ತದೆ. ಬರೆದವರ ಹೆಸರನ್ನಾದರೂ ಕೆಳಗೆ ಹಾಕಬಾರದೇ?

ಇದೆಲ್ಲ ಹಳೆಯ ಕಾಲದ ಮಾತು ಎನ್ನುವವರು ಕಾನೂನನ್ನೂ ಸ್ವಲ್ಪ ನೋಡಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೇ ಕಲಮಿನ ಪ್ರಕಾರ, ಕುಟುಂಬ ವಾಸವಿರುವ ಮನೆಯಲ್ಲಿ ಗಂಡು ವಾರಸುದಾರರು ತಮ್ಮ ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ಪಾಲು ಕೇಳುವಂತಿರಲಿಲ್ಲ. ವಾಸಿಸುವ ಹಕ್ಕು ಇತ್ತು, ಅದೂ ಮಗಳು ಮದುವೆಯಾಗದಿದ್ದರೆ, ವಿಧವೆಯಾಗಿದ್ದರೆ, ಗಂಡ ಬಿಟ್ಟಿದ್ದರೆ ಅಥವಾ ಗಂಡನಿಂದ ದೂರವಾಗಿದ್ದರೆ. ಜಗಲಿಯ ನಿಯಮವನ್ನೇ ಶಾಸನವಾಗಿ ಬರೆದಂತಿತ್ತು. ಕರ್ನಾಟಕ 1994ರಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 23ನೇ ಕಲಮು ಹೋಗಿದ್ದು 2005ರ ತಿದ್ದುಪಡಿಯಲ್ಲಿ. ಇವತ್ತಿಗೂ ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಅರಿಸಿನ ಕುಂಕುಮ ತೆಗೆದುಕೊಂಡು ಹೊರಡುವುದನ್ನು ನಾವೆಲ್ಲ ನೋಡುತ್ತಲೇ ಇದ್ದೇವೆ.

ಹಳೆ ಮನೆ ರಿಪೇರಿಗೆ ಕೈ ಹಾಕಿರುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಒಲೆ ಕಟ್ಟೆ, ಅಟ್ಟದ ಏಣಿ, ಬಚ್ಚಲ ಹಂಡೆಯ ಗೂಡು, ಬಾಣಂತಿ ಕೋಣೆ ಇದ್ದಲ್ಲೇ ಇರಲಿ. ಗಾಳಿ ಬೆಳಕಿಗೆ ಬೇಕಾದರೆ ಪಕ್ಕದಲ್ಲೇ ಹೊಸ ಅಡಿಗೆಮನೆ ಕಟ್ಟಿಕೊಳ್ಳಿ. ಕೆಡವಲೇಬೇಕಾದರೆ ಮೊದಲು ಅಳತೆ ತೆಗೆದು ನಕ್ಷೆ ಬರೆಸಿ, ಫೋಟೊ ತೆಗೆಸಿ. ಆ ಮನೆಯ ಅಜ್ಜಿಯನ್ನು, ಅತ್ತೆಯನ್ನು, ಮದುವೆಯಾಗಿ ಹೊರಟ ಹೆಣ್ಣುಮಕ್ಕಳನ್ನು ಕರೆಸಿ ಎಲ್ಲಿ ಏನಿತ್ತು, ಯಾರು ಎಲ್ಲಿ ಮಲಗುತ್ತಿದ್ದರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಕರೆಸಿದಾಗ ಅವರನ್ನು ಜಗಲಿಯ ಮೇಲೆಯೇ ಕೂರಿಸಿ ಮಾತನಾಡಿ.